ಪಕ್ಕದ ಜಮೀನು ಬಡಾವಣೆಯಾಗುವಾಗ: ನೆರೆಯವರ ಆಕ್ಷೇಪಣೆ ಕಡತ ಸೇರುವ ಬಗೆ

ಮೈಸೂರಿನ ಹೊರವರ್ತುಲ ರಸ್ತೆಯ ಆಚೆ ಯಾವುದೋ ಜಮೀನಿಗೆ ಜೆಸಿಬಿ ಇಳಿದ ಮೇಲೆ ಸುತ್ತಲ ಬೀದಿಯವರು ಎಚ್ಚೆತ್ತುಕೊಳ್ಳುವುದು ವಾಡಿಕೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಓಡಾಡುತ್ತದೆ, ಮನವಿಪತ್ರವೊಂದು ಸಿದ್ಧವಾಗುತ್ತದೆ, ಮೂವತ್ತು ನಲವತ್ತು ಸಹಿ ಬೀಳುತ್ತವೆ, ಶಾಸಕರ ಕಚೇರಿಗೆ ನಿಯೋಗ ಹೋಗುತ್ತದೆ. ಶಾಸಕರು ‘ನೋಡೋಣ’ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಜೆಸಿಬಿ ಬರುವ ಹೊತ್ತಿಗೆ ಆ ಜಮೀನಿನ ಕಡತ ಹಲವು ಮೇಜು ದಾಟಿ, ನಗರಾಭಿವೃದ್ಧಿ ಪ್ರಾಧಿಕಾರದ ಸಭೆಯಲ್ಲಿ ಅನುಮೋದನೆ ಪಡೆದು, ಶುಲ್ಕ ಕಟ್ಟಿಸಿಕೊಂಡು ಹೊರಬಿದ್ದಿರುತ್ತದೆ.

ಅಧಿಕಾರಿಗಳು ಜನರ ಮಾತು ಕೇಳುವುದಿಲ್ಲ ಎಂಬ ದೂರಿನಲ್ಲಿ ನಿಜವಿದೆ, ಆದರೆ ಅರ್ಧ ನಿಜ. ಜನರ ಮಾತು ಕಡತದ ಹೊರಗೇ ಉಳಿದಿರುತ್ತದೆ ಎಂಬುದು ಇನ್ನರ್ಧ. ಕಡತದಲ್ಲಿ ಇಲ್ಲದ ಆಕ್ಷೇಪಣೆಗೆ ಉತ್ತರಿಸುವ ಹೊಣೆ ಯಾರ ಮೇಲೂ ಇಲ್ಲ. ಒಳಗೆ ಸೇರಿದ್ದರೆ ಅದನ್ನು ತಳ್ಳಿಹಾಕಲು ಕಾರಣ ಬರೆಯಬೇಕು, ಬರೆದವರು ಸಹಿ ಹಾಕಬೇಕು. ಮುಂದೆ ಕೋರ್ಟಿಗೋ ಲೋಕಾಯುಕ್ತಕ್ಕೋ ಹೋಗಬಹುದಾದ ಹಾಳೆಗೆ ಸಹಿ ಹಾಕುವಾಗ ಕೈ ಕೊಂಚ ತಡೆಯುತ್ತದೆ. ನೆರೆಯವರ ಬಲ ಇರುವುದು ಅಲ್ಲೇ.

ಮೈಸೂರಿನಲ್ಲಿ ಬಡಾವಣೆಯ ಕೆಲಸ 1903ರ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಕಾಲದಿಂದ ಬಂದದ್ದು. 1987ರ ಕಾಯ್ದೆಯಡಿ ಅದು ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ ಆಯಿತು. 2024ರ ಕಾಯ್ದೆ ಬಂದ ಮೇಲೆ ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ, ಎಂಡಿಎ. ಬೋರ್ಡು ಬದಲಾದರೂ ಜನರ ಬಾಯಲ್ಲಿ ಇನ್ನೂ ಮುಡಾನೇ. (ಮಂಡ್ಯದ್ದೂ ಮುಡಾ ಆದ್ದರಿಂದ ಅರ್ಜಿಯಲ್ಲಿ ಊರಿನ ಹೆಸರು ಪೂರ್ತಿ ಬರೆಯಿರಿ.) ಪ್ರಾಧಿಕಾರದ ಸಭೆಯಲ್ಲಿ ಅಧಿಕಾರಿಗಳ ಜೊತೆ ಶಾಸಕರೂ ಸದಸ್ಯರಾಗಿ ಕೂರುತ್ತಾರೆ. ಒಂದೇ ಸಭೆಗೆ ಹತ್ತಾರು ವಿಷಯಗಳು ಬರುತ್ತವೆ. ಸದಸ್ಯರ ಮುಂದಿರುವುದು ಜಮೀನಲ್ಲ, ಕಾರ್ಯಸೂಚಿಯ ಟಿಪ್ಪಣಿ. ನಗರ ಯೋಜನಾ ಶಾಖೆ ಆ ಟಿಪ್ಪಣಿಯಲ್ಲಿ ‘ಆಕ್ಷೇಪಣೆಗಳು ಸ್ವೀಕೃತವಾಗಿರುವುದಿಲ್ಲ’ ಎಂದು ಒಂದು ಸಾಲು ಬರೆದಿದ್ದರೆ ಆ ವಿಷಯ ಚಹಾ ಆರುವುದರೊಳಗೆ ಮುಗಿಯುತ್ತದೆ.

ಮೊದಲು ನೋಡಬೇಕಾದ್ದು ಯಾವ ಜಮೀನು ಯಾವ ಬಳಕೆಗೆ ಎಂದು ಗುರುತಿಸುವ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆ. ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶಕ್ಕೆ 2031ರ ಮಹಾಯೋಜನೆ ಇದೆ. ಅದರಲ್ಲಿ ಆ ಸರ್ವೆ ನಂಬರಿಗೆ ಯಾವ ಬಣ್ಣ ಬಳಿದಿದ್ದಾರೆ ಎಂಬುದರ ಮೇಲೆ ನಿಮ್ಮ ದಾರಿ ನಿಂತಿದೆ. ಹಳದಿ ಎಂದರೆ ವಸತಿ. ಕೃಷಿ ವಲಯದಲ್ಲಿದ್ದರೆ ಭೂ ಉಪಯೋಗ ಬದಲಾವಣೆ ಆಗಬೇಕು. ಅದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಪ್ರಕರಣದಡಿ ನಡೆಯುತ್ತದೆ. ಅದಕ್ಕೆ ಸರ್ಕಾರದ ಪೂರ್ವಾನುಮೋದನೆ ಬೇಕು, ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು, ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ನೆರೆಯವರಿಗೆ ಕಾನೂನು ತಾನಾಗಿ ತೆರೆಯುವ ಬಾಗಿಲು ಬಹುಮಟ್ಟಿಗೆ ಇದೊಂದೇ.

ಆ ಪ್ರಕಟಣೆ ಹೇಗಿರುತ್ತದೆ ಎಂದು ಗೊತ್ತಿಲ್ಲದಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಒಳಪುಟದಲ್ಲಿ, ಟೆಂಡರು ಮತ್ತು ಹೆಸರು ಬದಲಾವಣೆಯ ಜಾಹೀರಾತುಗಳ ನಡುವೆ, ಸಣ್ಣಕ್ಷರದ ಒಂದು ಚೌಕ. ಗ್ರಾಮ, ಹೋಬಳಿ, ಸರ್ವೆ ನಂಬರು, ಎಷ್ಟು ಎಕರೆ ಎಷ್ಟು ಗುಂಟೆ, ಯಾವ ವಲಯದಿಂದ ಯಾವ ವಲಯಕ್ಕೆ, ಅಷ್ಟೆ. ‘ನಿಮ್ಮ ಬೀದಿಯ ಹಿಂದಿನ ತೋಟ’ ಎಂದು ಯಾರೂ ಬರೆಯುವುದಿಲ್ಲ. ಹಾಗಾಗಿ ಸುತ್ತಲ ಖಾಲಿ ಜಮೀನುಗಳ ಸರ್ವೆ ನಂಬರುಗಳನ್ನು ಬಡಾವಣೆಯ ಸಂಘ ಮೊದಲೇ ಬರೆದಿಟ್ಟುಕೊಂಡಿರಬೇಕು. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ಹಿಡಿದು ಬೇಲಿಯ ಬಳಿ ನಿಂತರೆ ಸರ್ವೆ ನಂಬರು ಸಿಗುತ್ತದೆ. ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆದರೆ ವಿಸ್ತೀರ್ಣ, ಖರಾಬು (ಸಾಗುವಳಿಗೆ ಸೇರದ ಭಾಗ), ಹಕ್ಕುದಾರರು ಯಾರೆಂಬುದು ತಿಳಿಯುತ್ತದೆ. ಒಂದು ಭಾನುವಾರದ ಕೆಲಸ.

ಜಮೀನು ಆಗಲೇ ಹಳದಿ ವಲಯದಲ್ಲಿದ್ದರೆ ಪರಿಸ್ಥಿತಿ ಬೇರೆ. ಆಗ 14ಎ ಪ್ರಕಟಣೆ ಬರುವುದಿಲ್ಲ. ಬಡಾವಣೆ ವಿನ್ಯಾಸ ಅದೇ ಕಾಯ್ದೆಯ 17ನೇ ಪ್ರಕರಣದಡಿ ಮಂಜೂರಾಗುತ್ತದೆ, ನೆರೆಯವರಿಗೆ ನೋಟಿಸು ಕೊಡುವ ಪದ್ಧತಿ ಇಲ್ಲ. ಅಪಾರ್ಟ್‌ಮೆಂಟ್ ಆದರೂ ಅಷ್ಟೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರಿಗೆ ಮುಟ್ಟಿದರೆ 2006ರ ಪರಿಸರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು, ಆದರೆ ಅಂಥ ವಸತಿ ಯೋಜನೆಗಳಿಗೆ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ಇರುವುದಿಲ್ಲ. ‘ನಮ್ಮನ್ನು ಕೇಳಲೇ ಇಲ್ಲ’ ಎಂಬ ಅಳಲಿಗೆ ಇಲ್ಲಿ ಕಾನೂನಿನ ಬೆಂಬಲ ಕಡಿಮೆ. ಕೇಳಬೇಕಾಗಿದ್ದದ್ದು ಮಹಾಯೋಜನೆ ತಯಾರಾಗುವಾಗ. ಆಗ ಕರಡು ನಕ್ಷೆ ನೋಡಲು ಹೋದವರೆಷ್ಟು ಮಂದಿ? ಮುಂದಿನ ಪರಿಷ್ಕರಣೆಯಲ್ಲಾದರೂ ಹೋಗಬೇಕು. ಒಂದು ಜಮೀನಿನ ಬಣ್ಣ ಬದಲಾದ ಮೇಲೆ ಮಾಡುವ ಹತ್ತು ವರ್ಷದ ಹೋರಾಟಕ್ಕಿಂತ ಕರಡಿನ ಮೇಲೆ ಕೊಟ್ಟ ಒಂದು ಪುಟದ ಆಕ್ಷೇಪಣೆ ಹೆಚ್ಚು ತೂಗುತ್ತದೆ.

ಇನ್ನು ಆಕ್ಷೇಪಣೆಯಲ್ಲಿ ಏನಿರಬೇಕು. ಪ್ರಶಾಂತತೆ ಹಾಳಾಗುತ್ತದೆ, ಹೊರಗಿನವರು ಬರುತ್ತಾರೆ, ನಮ್ಮ ಸೈಟಿನ ಬೆಲೆ ಇಳಿಯುತ್ತದೆ ಎಂದೆಲ್ಲ ಬರೆದರೆ ಯೋಜನಾ ಶಾಖೆಯವರು ಒಂದೇ ಗೆರೆಯಲ್ಲಿ ತಳ್ಳಿಹಾಕುತ್ತಾರೆ, ಅದು ಸರಿಯೂ ಹೌದು. ಮನೆ ಬೇಕಾದವರು ಎಲ್ಲಿಯಾದರೂ ಇರಲೇಬೇಕು. ಇವತ್ತು ಆಕ್ಷೇಪಿಸುವವರ ಮನೆಯ ಕೆಳಗೂ ಒಂದು ಕಾಲಕ್ಕೆ ರಾಗಿ ಹೊಲವೇ ಇತ್ತು. ಕಡತದಲ್ಲಿ ನಿಲ್ಲುವ ಆಕ್ಷೇಪಣೆಗಳು ನೀರು, ಕಾಲುವೆ, ದಾರಿ, ಖರಾಬು, ಪಾರ್ಕು ಇಂಥವು. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ದಾಖಲೆ ಇದೆ. ದಾಖಲೆ ಲಗತ್ತಿಸಿದ ಆಕ್ಷೇಪಣೆಯನ್ನು ದಾಖಲೆಯಿಂದಲೇ ತಳ್ಳಿಹಾಕಬೇಕಾಗುತ್ತದೆ.

ಹೆಚ್ಚು ಕೆಡುವುದು ಮಳೆನೀರಿನ ವಿಚಾರದಲ್ಲಿ. ಹತ್ತು ಎಕರೆ ಜಮೀನು ತೆಗೆದುಕೊಳ್ಳಿ, ಅಂದರೆ ಸುಮಾರು 40,470 ಚದರ ಮೀಟರು. ಮುಂಗಾರಿಗೆ ಮುಂಚಿನ ಒಂದು ಜೋರು ಮಳೆ ಗಂಟೆಗೆ 50 ಮಿ.ಮೀ. ಸುರಿಯಿತು ಎನ್ನೋಣ. ಜಮೀನಿನ ಮೇಲೆ ಬಿದ್ದದ್ದು 20 ಲಕ್ಷ ಲೀಟರ್. ಉತ್ತ ಹೊಲವಾಗಿದ್ದಾಗ ಅದರಲ್ಲಿ ಶೇ 30ರಷ್ಟು, ಆರು ಲಕ್ಷ ಲೀಟರ್ ಹೊರಗೆ ಹರಿಯುತ್ತಿತ್ತು. ಉಳಿದದ್ದು ಮಣ್ಣು ಕುಡಿಯುತ್ತಿತ್ತು, ಬದುಗಳು ತಡೆಯುತ್ತಿದ್ದವು. ತಾರಸಿ, ಡಾಂಬರು, ಮನೆ ಮುಂದಿನ ಸಿಮೆಂಟು ನೆಲ ಬಂದ ಮೇಲೆ ಶೇ 70 ಹರಿಯುತ್ತದೆ, ಅಂದರೆ 14 ಲಕ್ಷ ಲೀಟರ್. ಗಂಟೆಯ ಸರಾಸರಿ ಹಿಡಿದರೂ ಸೆಕೆಂಡಿಗೆ 390 ಲೀಟರ್. ವಿನ್ಯಾಸದ ಅಂಚಿನಲ್ಲಿ ಎರಡಡಿ ಅಗಲ ಎರಡಡಿ ಆಳದ ಚರಂಡಿ ತೋರಿಸಿರುತ್ತಾರೆ. ಅದರಲ್ಲಿ ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ತುಂಬಿ ಹರಿದರೆ ಸಾಗುವುದು 370 ಲೀಟರ್. ಹೂಳಿಲ್ಲದೆ, ಪ್ಲಾಸ್ಟಿಕ್ ಇಲ್ಲದೆ, ಮೇಲಿನ ಜಮೀನಿನಿಂದ ಒಂದು ಹನಿಯೂ ಬರದೆ ಇದ್ದಾಗಲೇ ಆ ಚರಂಡಿ ಸಾಲುವುದಿಲ್ಲ. ಉಕ್ಕಿದ ನೀರು ತಗ್ಗಿನಲ್ಲಿರುವ ಹಳೆಯ ಬಡಾವಣೆಗೆ ಬರುತ್ತದೆ. ಆಕ್ಷೇಪಣೆಯಲ್ಲಿ ಇದನ್ನು ಹೀಗೆ ಲೆಕ್ಕ ಹಾಕಿ ತೋರಿಸಿ, ಚರಂಡಿ ಕೊನೆಗೆ ಎಲ್ಲಿ ಸೇರುತ್ತದೆ ಎಂದು ಕೇಳಿ. ಬಹಳ ವಿನ್ಯಾಸಗಳಲ್ಲಿ ಚರಂಡಿ ಬಡಾವಣೆಯ ಗಡಿಗೆ ಬಂದು ನಿಂತುಬಿಡುತ್ತದೆ. ನಕ್ಷೆಯಲ್ಲಿ ಗೆರೆ ಮುಗಿಯುತ್ತದೆ, ನೀರು ಮುಗಿಯುವುದಿಲ್ಲ.

ಇದಕ್ಕೆ ಅಂಟಿಕೊಂಡದ್ದೇ ಹಳ್ಳ, ಕಾಲುವೆಗಳ ಪ್ರಶ್ನೆ. ಇಲ್ಲಿ ಗ್ರಾಮ ನಕ್ಷೆಯೇ ಆಧಾರ. ಬೇಸಿಗೆಯಲ್ಲಿ ಸ್ಥಳ ತನಿಖೆಗೆ ಬಂದವರಿಗೆ ಒಣಗಿದ ಹಳ್ಳ ಬರೀ ತಗ್ಗಿನಂತೆ ಕಾಣುತ್ತದೆ. ಗ್ರಾಮ ನಕ್ಷೆಯಲ್ಲಿ ಅದೇ ಹಳ್ಳ ಕೆರೆಯಿಂದ ಕೆರೆಗೆ ಹೋಗುವುದು ಕಾಣುತ್ತದೆ. ಕೆಲವೊಮ್ಮೆ ವಿನ್ಯಾಸದಲ್ಲಿ ಹಳ್ಳವನ್ನು ಜಮೀನಿನ ಅಂಚಿಗೆ ತಳ್ಳಿ, ಸೈಟುಗಳು ಚೌಕವಾಗಿ ಬರಲೆಂದು ಲಂಬಕೋನದಲ್ಲಿ ತಿರುಗಿಸಿ ಕಾಂಕ್ರೀಟ್ ಬಾಕ್ಸಿನಲ್ಲಿ ಕೂರಿಸಿರುತ್ತಾರೆ. ನೀರು ಲಂಬಕೋನದಲ್ಲಿ ತಿರುಗುವುದಿಲ್ಲ. ಆ ಮೂಲೆಯಲ್ಲೇ ಕಸ ಕಟ್ಟಿ, ಮೊದಲ ದೊಡ್ಡ ಮಳೆಗೆ ಹಳೇ ದಾರಿಯನ್ನೇ ಹುಡುಕಿಕೊಂಡು ಹೋಗುತ್ತದೆ. ಹಳೇ ದಾರಿಯ ಮೇಲೆ ಅಷ್ಟರಲ್ಲಿ ಯಾರದೋ ಮನೆ ಎದ್ದಿರುತ್ತದೆ.

ಕೆರೆ, ಕಾಲುವೆಗಳ ಅಂಚಿನಿಂದ ಎಷ್ಟು ದೂರ ಬಿಡಬೇಕು ಎಂಬಲ್ಲಿ ಆಕ್ಷೇಪಣೆದಾರರೇ ಎಡವುವುದುಂಟು. ಕೆರೆಯಿಂದ 75 ಮೀಟರ್ ಎಂದು ಎಷ್ಟೋ ಅರ್ಜಿಗಳಲ್ಲಿ ಈಗಲೂ ಬರೆಯುತ್ತಾರೆ. ಅದು 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಸಂದರ್ಭದಲ್ಲಿ ಹೇಳಿದ್ದು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ಮಹಾಯೋಜನೆಯ ಅಳತೆಯನ್ನೇ ಉಳಿಸಿತು. ಇಲ್ಲಿ ನೋಡಬೇಕಾದ್ದು ನಮ್ಮ ಮಹಾಯೋಜನೆಯ ವಲಯ ನಿಯಮಾವಳಿ ಮತ್ತು ಕೆರೆ ಸಂರಕ್ಷಣೆಯ ಕಾಯ್ದೆಯಲ್ಲಿ ಅರ್ಜಿಯ ದಿನಕ್ಕೆ ಜಾರಿಯಲ್ಲಿರುವ ಅಳತೆ. ಒಂದು ತಪ್ಪು ಅಂಕಿ ಇದ್ದರೆ ಉಳಿದ ಒಂಬತ್ತು ಸರಿಯಾದ ಮಾತುಗಳನ್ನು ಬದಿಗಿಡಲು ಅಷ್ಟೇ ಸಾಕು.

ಖರಾಬಿಗೆ ಬನ್ನಿ. ಪಹಣಿಯಲ್ಲಿ ‘ಫೂಟ್ ಖರಾಬ್’ ಎಂದು ತೋರಿಸುವುದರಲ್ಲಿ ಎ ಮತ್ತು ಬಿ ಎಂದು ಎರಡು ಬಗೆ. ಎ ಖರಾಬು ಬಂಡೆ, ಕಣ ಮುಂತಾಗಿ ಸಾಗುವಳಿಗೆ ಬಾರದ ಜಾಗ. ಬಿ ಖರಾಬು ಸಾರ್ವಜನಿಕರದ್ದು: ಬಂಡಿದಾರಿ, ಹಳ್ಳ, ಸ್ಮಶಾನ, ಕೆರೆಯ ಭಾಗ. ಬಿ ಖರಾಬನ್ನು ಜಮೀನಿನ ಒಡೆಯರು ಮಾರುವಂತಿಲ್ಲ. ಪಹಣಿ, ಆಕಾರಬಂದು (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ), ಸರ್ವೆ ಟಿಪ್ಪಣಿ ಮೂರನ್ನೂ ಪಕ್ಕಪಕ್ಕ ಇಟ್ಟು ವಿಸ್ತೀರ್ಣ ಹೋಲಿಸಿ. ಆಕಾರಬಂದಿನಲ್ಲಿ 12 ಗುಂಟೆ ಖರಾಬು ಇದ್ದು ವಿನ್ಯಾಸದ ವಿಸ್ತೀರ್ಣದಲ್ಲಿ ಅದು ಕಳೆದಿಲ್ಲದಿದ್ದರೆ, ಆ 13,068 ಚದರ ಅಡಿ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಸರ್ವೆಯರು ಲಿಖಿತ ಉತ್ತರ ಕೊಡಬೇಕು. ಹತ್ತು 30x40 ಸೈಟಿಗಿಂತ ಹೆಚ್ಚಿನ ಜಾಗ ಅದು. ಮೈಸೂರಿನವರಿಗೆ ಇದು ಹೊಸ ಪಾಠವಲ್ಲ. ಕುರುಬಾರಹಳ್ಳಿ ಸರ್ವೆ ನಂಬರ್ 4ರ ಬಿ ಖರಾಬು ಗೊಂದಲದಲ್ಲಿ, ಎಷ್ಟೋ ವರ್ಷಗಳ ಹಿಂದೆ ಮನೆ ಕಟ್ಟಿಕೊಂಡವರೂ ಖಾತೆ, ನೋಂದಣಿ ಎಂದು ಅಲೆದದ್ದನ್ನು ಊರು ನೋಡಿದೆ. ಹೊಸ ಬಡಾವಣೆಯಲ್ಲಿ ಸೈಟು ಕೊಳ್ಳುವವರಿಗೂ ಈ ಪ್ರಶ್ನೆ ಬೇಕು. ನೆರೆಯವರ ಆಕ್ಷೇಪಣೆ ಅವರ ಪರವಾಗಿಯೂ ಕೆಲಸ ಮಾಡುತ್ತದೆ.

ಕುಡಿಯುವ ನೀರಿನ ಲೆಕ್ಕ ಇನ್ನೂ ಸರಳ, ಆದರೆ ಯಾರೂ ಹಾಕುವುದಿಲ್ಲ. ಹತ್ತು ಎಕರೆಯಲ್ಲಿ ಶೇ 55 ನಿವೇಶನಕ್ಕೆ ಸಿಕ್ಕರೆ 2,39,580 ಚದರ ಅಡಿ. 30x40ರ ಲೆಕ್ಕದಲ್ಲಿ ಇನ್ನೂರು ಸೈಟು. ಅನುಮೋದನೆಯ ಕಡತ ಸೈಟಿಗೊಂದು ಕುಟುಂಬ ಎಂದುಕೊಳ್ಳುತ್ತದೆ. ಮೈಸೂರಿನಲ್ಲಿ 30x40 ಮೇಲೆ ಏಳುವುದು ಕೆಳಗೆ ಮಾಲೀಕ, ಮೇಲೆ ಬಾಡಿಗೆ. ಸರಾಸರಿ ಎರಡು ಕುಟುಂಬ, ಕುಟುಂಬಕ್ಕೆ ನಾಲ್ವರು ಎಂದರೂ 1,600 ಜನ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಂತೆ 2,16,000 ಲೀಟರ್ ಬೇಕು. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತಂದರೆ ದಿನಕ್ಕೆ 36 ಟ್ಯಾಂಕರ್. ಕಾವೇರಿ, ಕಬಿನಿಯ ನೀರು ವರ್ತುಲ ರಸ್ತೆಯ ಆಚೆಯ ಎಷ್ಟೋ ಖಾಸಗಿ ಬಡಾವಣೆಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ, ಹಳೇ ಉಂಡುವಾಡಿ ಕುಡಿಯುವ ನೀರಿನ ಯೋಜನೆಯ ಮೇಲೆ ಎಲ್ಲರ ಕಣ್ಣು. ಅಲ್ಲಿಯವರೆಗೆ ಬೋರ್‌ವೆಲ್. ಹೊಸ ಬಡಾವಣೆಯವರು ಆರುನೂರು ಅಡಿ ಕೊರೆದರೆ ಪಕ್ಕದ ಹಳೇ ಬಾವಿ ಯಾವಾಗ ಕೈಕೊಟ್ಟಿತೆಂದು ಯಾರೂ ಬರೆದಿಡುವುದಿಲ್ಲ. ಆದ್ದರಿಂದ ಈಗಲೇ ನಿಮ್ಮ ಬೋರ್‌ವೆಲ್‌ನ ನೀರಿನ ಮಟ್ಟ, ಟ್ಯಾಂಕು ತುಂಬಲು ಹಿಡಿಯುವ ಹೊತ್ತು ಗುರುತು ಹಾಕಿಡಿ. ಕಡತದಲ್ಲಿ ನೀರು ಸರಬರಾಜು ಸಂಸ್ಥೆಯ ಪತ್ರ ಇರುತ್ತದೆ. ಅದನ್ನು ಕೊನೆಯ ಸಾಲಿನವರೆಗೆ ಓದಬೇಕು. ‘ಯೋಜನೆ ಪೂರ್ಣಗೊಂಡ ನಂತರ ಲಭ್ಯತೆಗೆ ಅನುಗುಣವಾಗಿ’ ಎಂದಿದ್ದರೆ ಅದು ನೀರು ಕೊಡುವ ಪತ್ರವಲ್ಲ. ಕಾರ್ಯಸೂಚಿಯ ಟಿಪ್ಪಣಿಗೆ ಬರುವಾಗ ಅದೇ ಪತ್ರ ‘ನಿರಾಕ್ಷೇಪಣಾ ಪತ್ರ ಪಡೆಯಲಾಗಿದೆ’ ಎಂದು ಚುಟುಕಾಗಿಬಿಡುತ್ತದೆ.

ಬಂದ ನೀರಿನಲ್ಲಿ ಶೇ 80 ಕೊಳಚೆಯಾಗಿ ಹೊರಡುತ್ತದೆ; ನಮ್ಮ ಲೆಕ್ಕದಲ್ಲಿ ದಿನಕ್ಕೆ 1.7 ಲಕ್ಷ ಲೀಟರ್. ನಗರದ ಕೊಳಚೆ ಶುದ್ಧೀಕರಣ ಘಟಕಗಳು ವಿದ್ಯಾರಣ್ಯಪುರ, ರಾಯನಕೆರೆ, ಕೆಸರೆಗಳಲ್ಲಿವೆ. ಅವುಗಳ ಕೊಳವೆ ಜಾಲಕ್ಕೆ ಸೇರದ ಬಡಾವಣೆ ತನ್ನದೇ ಶುದ್ಧೀಕರಣ ಘಟಕ (ಎಸ್‌ಟಿಪಿ) ತೋರಿಸುತ್ತದೆ. ಅದು ಕೆಡುವುದು ಯಂತ್ರದಿಂದಲ್ಲ, ಬಿಲ್ಲಿನಿಂದ. ಗಾಳಿ ಊದುವ ಬ್ಲೋಯರ್ ಹಗಲೂ ರಾತ್ರಿ ಓಡಬೇಕು, ಕರೆಂಟು ಬಿಲ್ಲು ಕಟ್ಟುವವರು ಯಾರೆಂದು ತೀರ್ಮಾನವಾಗಿರುವುದಿಲ್ಲ. ಸೈಟು ಮಾರಾಟವಾದ ಮೇಲೆ ಬ್ಲೋಯರ್ ನಿಲ್ಲುತ್ತದೆ, ಕೊಳಚೆ ಹಳ್ಳಕ್ಕೆ ಸೇರುತ್ತದೆ. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದಾಗ ಊರವರು ಬೊಟ್ಟು ಮಾಡಿದ್ದು ಸುತ್ತಲ ಬಡಾವಣೆಗಳಿಂದ ಹರಿದು ಬರುವ ಕೊಳಚೆಯ ಕಡೆಗೇ. ಆಕ್ಷೇಪಣೆಯಲ್ಲಿ ‘ಎಸ್‌ಟಿಪಿ ಬೇಕು’ ಎಂದಷ್ಟೇ ಬರೆದರೆ ಸಾಲದು. ನಿರ್ವಹಣೆಯ ಠೇವಣಿ ಎಷ್ಟು, ಯಾರ ಹೆಸರಿನಲ್ಲಿ, ಎಷ್ಟು ವರ್ಷಕ್ಕೆ ಎಂಬುದನ್ನು ಅನುಮೋದನೆಯ ಷರತ್ತಿನಲ್ಲೇ ಸೇರಿಸಿ ಎಂದು ಕೇಳಬೇಕು.

ದಾರಿಯ ಬಗ್ಗೆ ಒಂದೇ ಮಾತು: ಟೇಪು ಹಿಡಿಯಿರಿ. ಕಾಗದದಲ್ಲಿ 12 ಮೀಟರ್ ಇರುವ ಸಂಪರ್ಕ ರಸ್ತೆ ನೆಲದ ಮೇಲೆ ಆರು ಮೀಟರ್ ಇರುವುದು ಅಪರೂಪವಲ್ಲ. ಎಷ್ಟು ಮಹಡಿ ಏರಬಹುದು ಎಂಬುದು ರಸ್ತೆಯ ಅಗಲಕ್ಕೆ ತಳಕು ಹಾಕಿಕೊಂಡಿರುವುದರಿಂದ, ಮೂರು ಕಡೆ ಅಳೆದು ಫೋಟೊ ಸಹಿತ ಕೊಟ್ಟರೆ ಅದು ಗಟ್ಟಿ ಆಕ್ಷೇಪಣೆ.

ಪಾರ್ಕು ಮತ್ತು ಸಿಎ (ನಾಗರಿಕ ಸೌಲಭ್ಯದ) ನಿವೇಶನ ನಕ್ಷೆಯಲ್ಲಿ ಎಲ್ಲಿವೆ ಎಂದೂ ನೋಡಿ. ವಿಸ್ತೀರ್ಣ ನಿಯಮದಷ್ಟು ಇದ್ದೇ ಇರುತ್ತದೆ. ಆದರೆ ಹೈಟೆನ್ಷನ್ ತಂತಿಯ ಕೆಳಗೆ, ಹಳ್ಳದ ಅಂಚಿನ ಪಟ್ಟಿಯಲ್ಲಿ, ಯಾರಿಗೂ ಬೇಡವಾದ ತ್ರಿಕೋನ ಮೂಲೆಯಲ್ಲಿ. ಶೇಕಡಾವಾರು ಲೆಕ್ಕ ತುಂಬುತ್ತದೆ, ಮಗು ಆಡಲು ಜಾಗ ಇರುವುದಿಲ್ಲ.

ಹದಿನೈದು ದಿನದಲ್ಲಿ ಇಷ್ಟೆಲ್ಲ ಆಗಬೇಕಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಉತ್ತರಕ್ಕೆ 30 ದಿನ. ಆಕ್ಷೇಪಣೆಯ ಗಡುವು ಅಷ್ಟರಲ್ಲಿ ದಾಟಿಹೋಗುತ್ತದೆ. ಹಾಗಾಗಿ ಕ್ರಮ ತಿರುಗಿಸಬೇಕು: ಆನ್‌ಲೈನಿನಲ್ಲಿ ತಕ್ಷಣ ಸಿಗುವ ಪಹಣಿ, ಗ್ರಾಮ ನಕ್ಷೆ ಲಗತ್ತಿಸಿ ಆಕ್ಷೇಪಣೆ ಮೊದಲು ಕೊಟ್ಟುಬಿಡುವುದು. ಅದರ ಕೊನೆಯಲ್ಲಿ ‘ದಾಖಲೆಗಳು ದೊರೆತ ಬಳಿಕ ಹೆಚ್ಚುವರಿ ಆಕ್ಷೇಪಣೆ ಸಲ್ಲಿಸಲು ಹಾಗೂ ಖುದ್ದು ಅಹವಾಲು ಹೇಳಿಕೊಳ್ಳಲು ಅವಕಾಶ ಕೋರುತ್ತೇವೆ’ ಎಂದು ಸೇರಿಸುವುದು. ಅದೇ ದಿನ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ಒಂದೇ ವಿಷಯ ಇರಬೇಕು, ಶುಲ್ಕ ಹತ್ತು ರೂಪಾಯಿ. ‘ಕಡತದ ಎಲ್ಲ ಪ್ರತಿ ಕೊಡಿ’ ಎಂದು ಬರೆಯುವ ಬದಲು ಕಡತ ಪರಿಶೀಲನೆಗೆ ಅವಕಾಶ ಕೇಳಿ. ಕೂತು ಓದಿದಾಗಷ್ಟೇ ಯಾವ ಹಾಳೆ ಬೇಕೆಂದು ತಿಳಿಯುತ್ತದೆ.

ಆಕ್ಷೇಪಣೆಯ ತಲೆಯಲ್ಲಿ ಪ್ರಕಟಣೆಯ ದಿನಾಂಕ, ಸಂಖ್ಯೆ, ಗ್ರಾಮ, ಹೋಬಳಿ, ಸರ್ವೆ ನಂಬರು ಇರಲೇಬೇಕು. ಇವು ಇಲ್ಲದ ಕಾಗದ ಟಪಾಲು ಶಾಖೆಯಿಂದ ಬೇರಾವುದೋ ಮೇಜಿಗೆ ಹೋಗಿ ‘ಸಾಮಾನ್ಯ ದೂರು’ ಆಗಿಬಿಡುತ್ತದೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಮೂರನೆಯ ಪ್ರತಿಯೊಂದನ್ನು ಸ್ಪೀಡ್ ಪೋಸ್ಟಿನಲ್ಲಿ ಆಯುಕ್ತರಿಗೆ ಕಳಿಸಿ. ನೂರು ಜನ ಸಹಿ ಮಾಡಿದ ಒಂದು ಅರ್ಜಿ ಕಡತದಲ್ಲಿ ಒಂದೇ ಆಕ್ಷೇಪಣೆ. ಚರಂಡಿ ತಗ್ಗಿನಲ್ಲಿರುವವರು ಚರಂಡಿಯ ಬಗ್ಗೆ, ಸಂಪರ್ಕ ರಸ್ತೆಯವರು ರಸ್ತೆಯ ಬಗ್ಗೆ, ಜಮೀನಿಗೆ ಹೊಂದಿಕೊಂಡಿರುವ ರೈತರು ಬಂಡಿದಾರಿಯ ಬಗ್ಗೆ ಬೇರೆ ಬೇರೆ ಕೊಟ್ಟರೆ ಟಿಪ್ಪಣಿ ಬರೆಯುವವರು ಒಂದೊಂದಕ್ಕೂ ಉತ್ತರ ಹುಡುಕಬೇಕು. ಮಂಡ್ಯದ ಕಡೆಯಾದರೆ ನಾಲೆಯ ಅಚ್ಚುಕಟ್ಟು ರೈತರ ಆಕ್ಷೇಪಣೆಗೆ ವಿಶೇಷ ತೂಕ. ಮೇಲಿನ ಗದ್ದೆಗೆ ಮಣ್ಣು ತುಂಬಿದರೆ ಕೆಳಗಿನ ಗದ್ದೆಯ ಕಾಲುವೆ, ಬಸಿಗಾಲುವೆ ಎರಡೂ ಕಟ್ಟಿಹೋಗುತ್ತವೆ, ಅದಕ್ಕೆ ನೀರಾವರಿ ಇಲಾಖೆಯ ಅಭಿಪ್ರಾಯ ಕಡತದಲ್ಲಿ ಇರಲೇಬೇಕೆಂದು ಪಟ್ಟು ಹಿಡಿಯಬಹುದು.

ಸಭೆ ಮುಗಿದ ಮೇಲೆ ನಡಾವಳಿ ಪಡೆಯಿರಿ. ನಿಮ್ಮ ಆಕ್ಷೇಪಣೆಗೆ ಹಿಂಬರಹ (ಲಿಖಿತ ಉತ್ತರ) ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಉಲ್ಲೇಖಿಸಿ ಬರೆಯಿರಿ. ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ತಿಳಿಸಬೇಕೆಂದು ಅದು ಹೇಳುತ್ತದೆ. ಹೈಕೋರ್ಟಿಗೆ ಹೋಗುವ ಯೋಚನೆ ಇದ್ದರೆ ತಡ ಮಾಡಬೇಡಿ. ರಸ್ತೆ ಹಾಕಿ ಸೈಟು ಮಾರಿದ ಮೇಲೆ ಹೋದವರನ್ನು ‘ಇಷ್ಟು ದಿನ ಎಲ್ಲಿದ್ದಿರಿ’ ಎಂದು ಕೇಳುವುದು ಖಂಡಿತ.

ಬಹುತೇಕ ಆಕ್ಷೇಪಣೆಗಳಿಂದ ಯೋಜನೆ ನಿಲ್ಲುವುದಿಲ್ಲ, ಷರತ್ತುಗಳು ಸೇರುತ್ತವೆ. ಅದನ್ನು ಸೋಲೆಂದು ಬಗೆದು ಮನೆಗೆ ಹೋಗುವುದೇ ದೊಡ್ಡ ನಷ್ಟ, ಏಕೆಂದರೆ ಷರತ್ತು ಜಾರಿಯಾಗುವುದು ಕಾಯುವವರಿದ್ದರೆ ಮಾತ್ರ. ಡೆವಲಪರಿಗೆ ಎಲ್ಲ ನಿವೇಶನಗಳನ್ನೂ ಒಮ್ಮೆಗೇ ಬಿಟ್ಟುಕೊಡದೆ, ಕೆಲಸ ಮುಗಿದಂತೆ ಹಂತ ಹಂತವಾಗಿ ಬಿಡುಗಡೆ ಮಾಡುವ ಪದ್ಧತಿ ಇರುವುದು ಇದಕ್ಕೇ. 500 ಚದರ ಮೀಟರ್ ಮೀರಿದ ಬಡಾವಣೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿರಬೇಕು. ಅಲ್ಲಿ ಏರಿಸಿರುವ ನಕ್ಷೆಯನ್ನು ಇಳಿಸಿಕೊಂಡು ನೆಲದ ಜೊತೆ ಹೋಲಿಸಬಹುದು. ಕೊನೆಯ ಕಂತು ಬಿಡುಗಡೆಯಾಗುವ ಮುಂಚೆ ಮ್ಯಾನ್‌ಹೋಲ್ ಒಂದರಲ್ಲಿ ಬಕೆಟ್ ನೀರು ಸುರಿದು ಮುಂದಿನದರಲ್ಲಿ ಬರುತ್ತದೆಯೇ ನೋಡಿ, ಓವರ್‌ಹೆಡ್ ಟ್ಯಾಂಕಿಗೆ ಕೊಳವೆ ಜೋಡಿಸಿದ್ದಾರೆಯೇ ನೋಡಿ, ಚರಂಡಿ ಗಡಿ ದಾಟಿ ಹಳ್ಳಕ್ಕೆ ಮುಟ್ಟಿದೆಯೇ ನೋಡಿ. ಮುಟ್ಟಿಲ್ಲದಿದ್ದರೆ ಫೋಟೊ, ದಿನಾಂಕ, ಅನುಮೋದನಾ ಪತ್ರದ ಷರತ್ತಿನ ಸಂಖ್ಯೆ ಹಾಕಿ, ಮೊದಲ ಆಕ್ಷೇಪಣೆಯ ಸ್ವೀಕೃತಿ ಪ್ರತಿ ಲಗತ್ತಿಸಿ, ಎಂಜಿನಿಯರಿಂಗ್ ಶಾಖೆಗೆ ಬರೆಯಿರಿ. ಬಿಡುಗಡೆಯಾದ ಮೇಲೆ ಬರೆದರೆ ಉತ್ತರ ಬರುವುದು ಪಾಲಿಕೆಯಿಂದ ಪ್ರಾಧಿಕಾರಕ್ಕೆ, ಪ್ರಾಧಿಕಾರದಿಂದ ಪಾಲಿಕೆಗೆ.